ಒಂದೇ ಹೆಸರು, ಎರಡು ಗಿಟಾರ್: ಸಿಲ್ವರ್‌ಟೋನ್ ಮಾಡಿದವರು ಯಾರು?

ಪ್ರಶ್ನೆ: ನಾನು ನ್ಯೂ ಜೆರ್ಸಿಯಲ್ಲಿ ನೆಲೆಸಿರುವ ಮೈಸೂರಿನವನು. ಪಕ್ಕದ ಮನೆಯ ಹಿರಿಯರು ಊರು ಬಿಡುವಾಗ ತಮ್ಮ ಎರಡು ಹಳೆಯ ಗಿಟಾರ್‌ಗಳನ್ನು ನನಗೆ ಕೊಟ್ಟು ಹೋದರು. ಎರಡರ ತಲೆಯ ಮೇಲೂ ‘ಸಿಲ್ವರ್‌ಟೋನ್’ ಎಂದಿದೆ, ಆದರೆ ಒಂದಕ್ಕೊಂದು ಏನೇನೂ ಹೋಲಿಕೆ ಇಲ್ಲ. ಒಂದು ಅಕೂಸ್ಟಿಕ್, ಒಳಗೆ ಇಣುಕಿದರೆ ‘ಎಫ್-61’ ಎಂಬ ಮಸುಕಾದ ಮುದ್ರೆ ಕಾಣುತ್ತದೆ. ಇನ್ನೊಂದು ಕಪ್ಪು ಬಣ್ಣದ ಎಲೆಕ್ಟ್ರಿಕ್, ಎತ್ತಿದರೆ ತೂಕವೇ ಇಲ್ಲ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಲಿಪ್‌ಸ್ಟಿಕ್ ಡಬ್ಬಿಯಂತಹದು ಒಂದಿದೆ, ಅದರ ಪೆಟ್ಟಿಗೆಯೊಳಗೇ ಸ್ಪೀಕರ್ ಇದೆ. ಇವುಗಳಲ್ಲಿ ಯಾವುದು ಅಸಲಿ? ಸ್ನೇಹಿತರೊಬ್ಬರು ಎರಡೂ ಜಪಾನಿನವು ಎನ್ನುತ್ತಾರೆ. ಮುಂದಿನ ವರ್ಷ ಮೈಸೂರಿಗೆ ಮರಳುವವನಿದ್ದೇನೆ. ಇವನ್ನು ಜೊತೆಗೆ ತರಬಹುದೇ?

ಉತ್ತರ: ಎರಡೂ ಅಸಲಿಯೇ. ಆದರೆ ಎರಡನ್ನೂ ‘ಸಿಲ್ವರ್‌ಟೋನ್’ ಮಾಡಿಲ್ಲ, ಏಕೆಂದರೆ ಆ ಹೆಸರಿನ ಗಿಟಾರ್ ಕಾರ್ಖಾನೆಯೇ ಇರಲಿಲ್ಲ. ಅದು ಅಂಗಡಿಯ ಹೆಸರು. ಇಳಕಲ್ ಸೀರೆ ಬೆಂಗಳೂರಿನ ಅಂಗಡಿಯ ಪೆಟ್ಟಿಗೆಯಲ್ಲಿ ಬಂದ ಮಾತ್ರಕ್ಕೆ ಅದನ್ನು ಅಂಗಡಿಯವರು ನೇಯ್ದರು ಎಂದು ಯಾರೂ ಹೇಳುವುದಿಲ್ಲವಲ್ಲ, ಇದೂ ಹಾಗೆಯೇ. ನೀವು ಬರೆದಿರುವ ಗುರುತುಗಳನ್ನು ನೋಡಿದರೆ ಅಕೂಸ್ಟಿಕ್ ಗಿಟಾರ್ ಚಿಕಾಗೊದ ಹಾರ್ಮನಿ ಕಂಪನಿಯದು, 1961ರದು. ಕಪ್ಪು ಎಲೆಕ್ಟ್ರಿಕ್ ಗಿಟಾರ್ ನೀವೀಗ ಇರುವ ನ್ಯೂ ಜೆರ್ಸಿಯಲ್ಲೇ ಹುಟ್ಟಿದ್ದು. ಮಾಡಿದವರು ನೇಥನ್ ಡೇನಿಯಲ್ ಅವರ ಡ್ಯಾನೆಲೆಕ್ಟ್ರೋ ಕಂಪನಿಯವರು. ಹಳೆಯ ಗಿಟಾರಿನ ತಲೆಯ ಮೇಲಿನ ಹೆಸರು ಅದನ್ನು ಮಾರಿದವರು ಯಾರು ಎಂದಷ್ಟೇ ಹೇಳುತ್ತದೆ. ಮಾಡಿದ ಕೈ ಯಾವುದು ಎಂದು ತಿಳಿಯಲು ಮರ, ಅಂಟು, ತಂತಿಯ ಬೆಸುಗೆ ಮತ್ತು ಒಳಗಿನ ಮುದ್ರೆಗಳನ್ನು ನೋಡಬೇಕು. ಈ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಮಾಡಿದವರ ಹೆಸರು ಅಳಿಸಿಹೋಗುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸಿಲ್ವರ್‌ಟೋನ್ ಎಂಬುದು ಸಿಯರ್ಸ್ ರೋಬಕ್ ಕಂಪನಿ ಇಟ್ಟ ಹೆಸರು. ಚಿಕಾಗೊದಲ್ಲಿ ಕುಳಿತು ಅಂಚೆಯ ಮೂಲಕ ಇಡೀ ಅಮೆರಿಕಕ್ಕೆ ಸಾಮಾನು ಮಾರುತ್ತಿದ್ದ ದೈತ್ಯ ವ್ಯಾಪಾರ ಸಂಸ್ಥೆ ಅದು. 1896ರಲ್ಲಿ ಹಳ್ಳಿಗಳಿಗೆ ಉಚಿತ ಅಂಚೆ ಬಟವಾಡೆ ಶುರುವಾಯಿತು, 1913ರಲ್ಲಿ ಪಾರ್ಸೆಲ್ ಅಂಚೆ ಬಂತು. ಆಮೇಲೆ ಪಟ್ಟಣದ ಮುಖವನ್ನೇ ನೋಡದ ರೈತನ ಮನೆಗೂ ಸಿಯರ್ಸ್‌ನ ದಪ್ಪ ಕ್ಯಾಟಲಾಗ್ ತಲುಪುತ್ತಿತ್ತು. ನೇಗಿಲು, ಹೊಲಿಗೆ ಯಂತ್ರ, ಬಟ್ಟೆಬರೆಗಳ ಜೊತೆಗೆ ಗಿಟಾರ್ ಕೂಡ ಅದರಲ್ಲಿ ಇರುತ್ತಿತ್ತು. ಸಿಲ್ವರ್‌ಟೋನ್ ಎಂಬ ಹೆಸರನ್ನು ಮೊದಲು ಹಾಕಿದ್ದು 1915ರಲ್ಲಿ, ಗ್ರಾಮಫೋನಿನ ಮೇಲೆ. ಆಮೇಲೆ ರೇಡಿಯೊಗಳಿಗೂ ಅದೇ ಹೆಸರು ಬಂತು. ವಾದ್ಯಗಳನ್ನು ಆಗ ‘ಸೂಪರ್‌ಟೋನ್’ ಎಂದು ಮಾರುತ್ತಿದ್ದರು. ಆ ಹೆಸರನ್ನು ಬಿಟ್ಟು ಅವುಗಳಿಗೂ ಸಿಲ್ವರ್‌ಟೋನ್ ಎಂದು ಹಾಕಿದ್ದು ನಂತರ.

ಅಂಗಡಿಯವರು ತಮ್ಮದೇ ಹೆಸರು ಹಾಕಿಸಿಕೊಳ್ಳುವುದಕ್ಕೆ ಗಟ್ಟಿ ಕಾರಣವಿತ್ತು. ಗಿಬ್ಸನ್‌ನಂತಹ ಕಂಪನಿಗಳು ಊರೂರಿನ ಅಧಿಕೃತ ಮಾರಾಟಗಾರರ ಮೂಲಕವೇ ಮಾರುತ್ತಿದ್ದವು. ಅಂಚೆ ವ್ಯಾಪಾರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹೆಸರು ತನ್ನದೇ ಆದರೆ ಇನ್ನೊಂದು ಲಾಭವೂ ಇತ್ತು: ಗಿರಾಕಿ ಅದೇ ಗಿಟಾರನ್ನು ಬೇರೆ ಅಂಗಡಿಯ ಬೆಲೆಯೊಡನೆ ತಾಳೆ ನೋಡುವಂತಿರಲಿಲ್ಲ. ಇನ್ನು ತಯಾರಕರಿಗೆ ಒಂದೇ ಆರ್ಡರಿನಲ್ಲಿ ಸಾವಿರಗಟ್ಟಲೆ ಗಿಟಾರ್ ಹೋಗುತ್ತಿತ್ತು. ಸಿಯರ್ಸ್‌ನ ಪ್ರತಿಸ್ಪರ್ಧಿ ಮಾಂಟ್ಗೊಮರಿ ವಾರ್ಡ್ ಕೂಡ ಹೀಗೆಯೇ ‘ಏರ್‌ಲೈನ್’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಹೀಗಾಗಿ ಒಂದೇ ಕಾರ್ಖಾನೆಯ ಒಂದೇ ಬೆಂಚಿನಿಂದ ಎದ್ದ ಗಿಟಾರ್‌ಗಳು ಹತ್ತಾರು ಹೆಸರು ಹೊತ್ತು ಹೊರಟವು. ಒಂದೇ ಹೆಸರಿನಡಿ ನಾಲ್ಕೈದು ಕಾರ್ಖಾನೆಗಳ ಗಿಟಾರ್‌ಗಳೂ ಸೇರಿಕೊಂಡವು. ನಿಮ್ಮ ಮನೆಯಲ್ಲಿ ಈಗ ಇರುವುದು ಎರಡನೆಯದಕ್ಕೆ ಸೊಗಸಾದ ಉದಾಹರಣೆ.

ಮೊದಲು ಹಾರ್ಮನಿಯ ವಿಷಯ. ಜರ್ಮನಿಯ ಹ್ಯಾಂಬರ್ಗ್‌ನಿಂದ ವಲಸೆ ಬಂದ ವಿಲ್ಹೆಲ್ಮ್ ಶುಲ್ಟ್ಸ್ 1892ರಲ್ಲಿ ಚಿಕಾಗೊದಲ್ಲಿ ಇದನ್ನು ಆರಂಭಿಸಿದರು. ಯುಕುಲೇಲೆಯ ಹುಚ್ಚು ಅಮೆರಿಕಕ್ಕೆ ಹಿಡಿದಿದ್ದ ಕಾಲದಲ್ಲಿ, 1916ರಲ್ಲಿ, ಸಿಯರ್ಸ್ ಇಡೀ ಕಂಪನಿಯನ್ನೇ ಕೊಂಡಿತು. ಸಿಯರ್ಸ್ ತನ್ನದೇ ರೇಡಿಯೊ ಕೇಂದ್ರವನ್ನೂ ನಡೆಸಿತ್ತು, ಡಬ್ಲ್ಯುಎಲ್‌ಎಸ್ ಅಂತ. ಅದನ್ನು 1928ರಲ್ಲಿ ಮಾರಿತಾದರೂ ಅಲ್ಲಿ ಹಾಡುತ್ತಿದ್ದ ಕೌಬಾಯ್ ಗಾಯಕ ಜೀನ್ ಆಟ್ರಿಯ ಹೆಸರಿನಲ್ಲಿ 1932ರಲ್ಲಿ ಒಂದು ಗಿಟಾರನ್ನು ಕ್ಯಾಟಲಾಗಿಗೆ ತಂದಿತು. ಗಿಟಾರ್ ಮಾಡಿದ್ದು ಹಾರ್ಮನಿ. ಮೇಲೆ ಕುದುರೆ, ದನಗಳ ಹಿಂಡು, ಹಗ್ಗ ಬೀಸುವ ಸವಾರನ ಚಿತ್ರ. ಪ್ರಸಿದ್ಧರ ಹೆಸರಿನಲ್ಲಿ ಗಿಟಾರ್ ಮಾರುವ ಪದ್ಧತಿ ಜನಸಾಮಾನ್ಯರವರೆಗೆ ಇಳಿದದ್ದು ಇಂಥವುಗಳಿಂದ. 1940ರಲ್ಲಿ ಜೇ ಕ್ರೌಸ್ ಅವರ ನೇತೃತ್ವದ ಗುಂಪು ಹಾರ್ಮನಿಯನ್ನು ಸಿಯರ್ಸ್‌ನಿಂದ ಕೊಂಡಿತು. ಮಾಲೀಕರು ಬದಲಾದರು, ಗಿರಾಕಿ ಮಾತ್ರ ಹಾಗೇ ಉಳಿಯಿತು. ನಿಮ್ಮ ಅಕೂಸ್ಟಿಕ್ ಆ ಕಾಲದ್ದು.

‘ಎಫ್-61’ ಎಂಬ ಮುದ್ರೆ ಹಾರ್ಮನಿಯ ಪದ್ಧತಿ. ಎಫ್ ಅಥವಾ ಎಸ್ ಎಂಬ ಅಕ್ಷರ, ಪಕ್ಕದಲ್ಲಿ ಇಸವಿಯ ಕೊನೆಯ ಎರಡು ಅಂಕಿ. ಸಣ್ಣ ಟಾರ್ಚ್ ಮತ್ತು ಕನ್ನಡಿ ಹಿಡಿದು ನೋಡಿದರೆ ಹಿಂಬದಿಯ ಹಲಗೆಯ ಒಳಮೈ ಮೇಲೆ ಇದರ ಆಸುಪಾಸಿನಲ್ಲೇ ಮಾದರಿಯ ಸಂಖ್ಯೆಯೂ ಸಿಗಬಹುದು. ಹಾಗೆ ನೋಡುವಾಗಲೇ ಮೇಲಿನ ಹಲಗೆಯ ಒಳಮೈ ಮೇಲಿರುವ ಆಧಾರಪಟ್ಟಿಗಳನ್ನೂ ಗಮನಿಸಿ. ಅಮೆರಿಕದ ಮಾರ್ಟಿನ್ ಕಂಪನಿಯ ಗಿಟಾರ್‌ನಲ್ಲಿ ಅವು ಎಕ್ಸ್ ಆಕಾರದಲ್ಲಿ ಒಂದನ್ನೊಂದು ದಾಟುತ್ತವೆ. ಹಾರ್ಮನಿಯ ಬಹುಪಾಲು ಗಿಟಾರ್‌ಗಳಲ್ಲಿ ಅವು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಇರುತ್ತವೆ. ಇದನ್ನು ಮಾಡುವುದು ಸುಲಭ, ಬೇಗ ಮುಗಿಯುತ್ತದೆ, ಅಗ್ಗ. ಆದರೆ ದನಿ ಕಳಪೆ ಎಂದು ತಿಳಿಯಬೇಡಿ. ಮಧ್ಯದ ಸ್ವರಗಳು ಎದೆಗೆ ನೇರವಾಗಿ ತಾಗುವಂತೆ ಬರುತ್ತವೆ, ಕೂಡಲೇ ನಿಲ್ಲುತ್ತವೆ. ಬ್ಲೂಸ್ ನುಡಿಸುವವರು ಹುಡುಕಿಕೊಂಡು ಹೋಗುವುದು ಈ ಗುಣಕ್ಕಾಗಿಯೇ. ಹಾರ್ಮನಿಯ ‘ಸಾವರಿನ್’ ಎಂಬ ದೊಡ್ಡ ಮಾದರಿಯನ್ನು ಲೆಡ್ ಜೆಪೆಲಿನ್ ತಂಡದ ಜಿಮ್ಮಿ ಪೇಜ್ ಬಹುಕಾಲ ಬಳಸಿದರು. ಆ ಕಂಪನಿಯ ಅಗ್ಗದ ಗಿಟಾರ್‌ಗಳಲ್ಲೂ ಪ್ಲೈವುಡ್ ಬದಲು ಇಡೀ ಮರದ ಹಲಗೆ ಇರುವುದುಂಟು. ಸಾಧಾರಣ ಬರ್ಚ್ ಮರದ ಮೇಲೆ ಬಣ್ಣದಿಂದ ನಕಲಿ ಎಳೆ ಬರೆದು ಅದನ್ನು ಬೆಲೆಬಾಳುವ ಮೇಪಲ್‌ನಂತೆ ತೋರಿಸುತ್ತಿದ್ದರು. ನಿಮ್ಮ ಗಿಟಾರಿನ ಬೆನ್ನಿನ ಎಳೆ ಹತ್ತಿರದಿಂದ ನೋಡಿದಾಗ ಕುಂಚದಿಂದ ಎಳೆದಂತೆ ಕಂಡರೆ ಅದೇ ಇದು.

ಈಗ ಕಪ್ಪು ಗಿಟಾರಿಗೆ ಬರೋಣ. ನನಗೆ ಇದರ ಮೇಲೆ ವಿಶೇಷ ಪ್ರೀತಿ. ಲಿಥುವೇನಿಯಾದಿಂದ ಬಂದ ವಲಸಿಗರ ಮಗ ನೇಥನ್ ಡೇನಿಯಲ್ 1930ರ ದಶಕದಲ್ಲೇ ಎಪಿಫೋನ್ ಕಂಪನಿಗೆ ಆಂಪ್ಲಿಫೈಯರ್ ಮಾಡಿಕೊಡುತ್ತಿದ್ದವರು. 1947ರಲ್ಲಿ ಸ್ವಂತ ಕಂಪನಿ ಕಟ್ಟಿ ಸಿಯರ್ಸ್‌ಗೆ ಆಂಪ್ಲಿಫೈಯರ್ ಕೊಟ್ಟರು, 1954ರಿಂದ ಗಿಟಾರ್ ಕೂಡ. ಅವರ ಮುಂದೆ ಇದ್ದ ಪ್ರಶ್ನೆ ಒಂದೇ: ಹಣವಿಲ್ಲದ ಮನೆಯ ಹುಡುಗನ ಕೈಗೆ ಸರಿಯಾಗಿ ನುಡಿಯುವ ಎಲೆಕ್ಟ್ರಿಕ್ ಗಿಟಾರ್ ಕೊಡುವುದು ಹೇಗೆ? ಉತ್ತರಕ್ಕಾಗಿ ಅವರು ಗಿಟಾರ್ ಮಾಡುವ ಹಳೆಯ ಕ್ರಮವನ್ನೇ ಪಕ್ಕಕ್ಕೆ ಇಟ್ಟರು. ಪಾಪ್ಲರ್ ಮರದ ಒಂದು ಚೌಕಟ್ಟು. ಅದರ ಹಿಂದೆ ಮುಂದೆ ಮ್ಯಾಸೊನೈಟ್ ಹಲಗೆ. ಮರದ ಚೂರುಗಳನ್ನು ಬಿಸಿ ಹಬೆಯ ಒತ್ತಡದಲ್ಲಿ ನಾರಾಗಿಸಿ, ಒತ್ತಿ ಮಾಡಿದ ಗಟ್ಟಿ ಹಲಗೆ ಅದು. ಗೋಡೆಗೆ, ಮೇಜಿಗೆ ಬಳಸುವಂಥದ್ದು. ಹಲಗೆ ಮತ್ತು ಚೌಕಟ್ಟು ಸೇರುವ ಅಂಚು ಒರಟಾಗಿ ಕಾಣುತ್ತಿತ್ತು, ಆದ್ದರಿಂದ ಸುತ್ತ ವಿನೈಲ್ ಪಟ್ಟಿ ಅಂಟಿಸಿದರು. ನಿಮ್ಮ ಗಿಟಾರಿನ ಪಕ್ಕದಲ್ಲಿ ಬಿಳಿಚಿದ ಪಟ್ಟಿ ಇದ್ದರೆ ಅದರ ಅಂಚನ್ನು ಕೀಳಲು ಹೋಗಬೇಡಿ. ಒಳಗೆ ಬಹುಪಾಲು ಬರೀ ಗಾಳಿ. ತೂಕವೇ ಇಲ್ಲ ಎಂದು ನಿಮಗೆ ಅನ್ನಿಸಿದ್ದು ಇದರಿಂದ.

ಪಿಕಪ್ ಲಿಪ್‌ಸ್ಟಿಕ್ ಡಬ್ಬಿಯಂತೆ ಇದೆ ಎಂದಿರಿ. ಅದು ನಿಜವಾಗಿಯೂ ಲಿಪ್‌ಸ್ಟಿಕ್ ಕೊಳವೆಯೇ. ಸೌಂದರ್ಯಸಾಧನಗಳಿಗೆ ಮಾಡುತ್ತಿದ್ದ ಲೋಹದ ಕೊಳವೆಗಳನ್ನು ಡೇನಿಯಲ್ ಕೊಂಡು ತಂದರು. ಅಲ್ನಿಕೊ ಎಂಬ ಮಿಶ್ರಲೋಹದ ಉದ್ದನೆಯ ಅಯಸ್ಕಾಂತದ ಸುತ್ತಲೇ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸುತ್ತಿ, ಟೇಪು ಹಾಕಿ, ಎರಡು ಕೊಳವೆಗಳ ನಡುವೆ ಸೇರಿಸಿ ಮುಚ್ಚುತ್ತಿದ್ದರು. ಬೇರೆ ಕಂಪನಿಗಳು ತಂತಿ ಸುತ್ತುವ ಬಾಬಿನ್, ಹೊದಿಕೆ, ತಿರುಪು ಎಂದು ಹತ್ತು ಬಿಡಿಭಾಗ ಜೋಡಿಸುತ್ತಿದ್ದ ಕಡೆ ಇಲ್ಲಿ ಬೆರಳೆಣಿಕೆಯಷ್ಟು ಸಾಕಾಗಿತ್ತು. ಆ ಲೋಹದ ಕೊಳವೆ ಹೊರಗಿನ ವಿದ್ಯುತ್ ಗದ್ದಲವನ್ನು ತಕ್ಕಮಟ್ಟಿಗೆ ತಡೆಯುತ್ತಿತ್ತು. ದನಿಯಲ್ಲಿ ಒಂದು ಗಾಜಿನ ಹೊಳಪು ಇದೆ. ಬೆಲೆಯ ಹಂಗಿಲ್ಲದೆ ಒಳ್ಳೆಯದೆನ್ನಬಹುದಾದ ದನಿ. ಬೇರೆ ಯಾವ ಪಿಕಪ್‌ನಲ್ಲೂ ಅದು ಹಾಗೇ ಬರುವುದಿಲ್ಲ. ಜಿಮ್ಮಿ ಪೇಜ್ ಅವರ ಬಳಿ ಡ್ಯಾನೆಲೆಕ್ಟ್ರೋ ಕೂಡ ಇತ್ತು ಎಂಬುದು ನಿಮಗೆ ಸಂತೋಷ ಕೊಡಬಹುದು. ನಿಮ್ಮ ಎರಡೂ ಗಿಟಾರ್‌ಗಳ ಬಂಧುಗಳು ಒಬ್ಬರ ಕೈಯಲ್ಲೇ ಇದ್ದವು.

ಪೆಟ್ಟಿಗೆಯೊಳಗೆ ಸ್ಪೀಕರ್ ಇಟ್ಟದ್ದು ಒಂದು ಜಾಣ ಉಪಾಯ. ಗಿಟಾರ್ ಕೊಂಡ ಹುಡುಗನಿಗೆ ಆಂಪ್ಲಿಫೈಯರ್ ಬೇಕು, ಇಟ್ಟುಕೊಳ್ಳಲು ಪೆಟ್ಟಿಗೆ ಬೇಕು. ಎರಡನ್ನೂ ಒಂದೇ ಮಾಡಿಬಿಟ್ಟರೆ? 1962ರಲ್ಲಿ ಸಿಯರ್ಸ್ ಕ್ಯಾಟಲಾಗ್‌ನಲ್ಲಿ ಬಂದ 1448 ಎಂಬ ಮಾದರಿ ಹೀಗಿತ್ತು: ಒಂದು ಪಿಕಪ್, ಪೆಟ್ಟಿಗೆಯಲ್ಲೇ ಪುಟ್ಟ ವಾಲ್ವ್ ಆಂಪ್ಲಿಫೈಯರ್, ಎಲ್ಲ ಸೇರಿ 68 ಡಾಲರಿಗೂ ತುಸು ಕಡಿಮೆ. ಎರಡು ಪಿಕಪ್ ಇದ್ದದ್ದು 1449. ನಿಮ್ಮದರಲ್ಲಿ ಒಂದೇ ಇರುವುದರಿಂದ 1448 ಎಂದೇ ನನ್ನ ನಿರ್ಧಾರ. ಅಮೆರಿಕದ ಒಂದು ಇಡೀ ಪೀಳಿಗೆ ತನ್ನ ಮೊದಲ ಸ್ವರ ನುಡಿಸಿದ್ದು ಇಂಥ ಪೆಟ್ಟಿಗೆಗಳ ಮುಂದೆ ಕುಳಿತು.

ಇಲ್ಲಿ ನಮ್ಮ ಸಂಗೀತಕ್ಕೆ ತಾಕುವ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1967ರಲ್ಲಿ ಡ್ಯಾನೆಲೆಕ್ಟ್ರೋ ‘ಕೋರಲ್’ ಎಂಬ ಹೆಸರಿನಲ್ಲಿ ಎಲೆಕ್ಟ್ರಿಕ್ ಸಿತಾರ್ ತಂದಿತು. ರವಿಶಂಕರ್ ಅವರಿಂದಾಗಿ ಸಿತಾರದ ನಾದ ಪಶ್ಚಿಮದ ಕಿವಿಗೆ ಬಿದ್ದಿದ್ದ ಕಾಲ. ನ್ಯೂಯಾರ್ಕಿನ ಸ್ಟುಡಿಯೊ ಗಿಟಾರ್ ವಾದಕ ವಿನ್ಸೆಂಟ್ ಬೆಲ್ ಅದರ ವಿನ್ಯಾಸದ ಹಿಂದೆ ಇದ್ದರು. ತಂತಿ ಚೂಪಾದ ಅಂಚಿನ ಮೇಲೆ ಕೂರುವ ಬದಲು ಅಗಲವಾದ, ತುಸು ಬಾಗಿದ ಬ್ರಿಡ್ಜ್ (ಕುದುರೆ) ಮೇಲೆ ಸವರಿಕೊಂಡು ಕಂಪಿಸುತ್ತದೆ, ಅದರಿಂದ ಝೇಂಕಾರ ಏಳುತ್ತದೆ. ನಮ್ಮ ತಂಬೂರಿಯಲ್ಲಿ ಕುದುರೆಯ ಮೇಲೆ ಜೀವಾಳದ ಎಳೆ ಸರಿಸಿ ನಾದ ಬಿಡಿಸುವುದನ್ನು ಕಂಡವರಿಗೆ ಈ ಕೆಲಸದ ಮರ್ಮ ತಕ್ಷಣ ಹೊಳೆಯುತ್ತದೆ. ಪಕ್ಕದಲ್ಲಿ 13 ಅನುರಣನದ ತಂತಿಗಳೂ ಇದ್ದವು. ನಿಜವಾದ ಸಿತಾರಕ್ಕೆ ಅದು ಸಮವಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು. ಆದರೂ ಆ ನಾದದ ಮೂಲವನ್ನು ಅವರು ಶ್ರದ್ಧೆಯಿಂದ ಅರಿತಿದ್ದರು ಎಂದು ನಾನು ನಂಬುತ್ತೇನೆ.

ಸಿಲ್ವರ್‌ಟೋನ್ ಹೆಸರಿಗೆ ಗಿಟಾರ್ ಮಾಡಿಕೊಟ್ಟ ಇನ್ನಿಬ್ಬರನ್ನು ಹೆಸರಿಸುತ್ತೇನೆ. ಒಂದು, ಚಿಕಾಗೊದ ಕೇ ಕಂಪನಿ. ಹೆನ್ರಿ ಕೇ ಕೂರ್ಮೈಯರ್ ಅವರ ನಡುವಿನ ಹೆಸರು ಅದು. ಇನ್ನೊಂದು ವಾಲ್ಕೊ. ಲೋಹದ ಒಡಲಿನ, ಒಳಗೆ ಅಲ್ಯುಮಿನಿಯಂ ಶಂಕು ಇರುವ ರೆಸೊನೇಟರ್ ಗಿಟಾರನ್ನು ಕಂಡುಹಿಡಿದ ಸ್ಲೋವಾಕ್ ಮೂಲದ ಜಾನ್ ಡೋಪ್ಯೇರಾ ಅವರ ನ್ಯಾಷನಲ್ ಕಂಪನಿಯ ವಾರಸುದಾರ ಸಂಸ್ಥೆ. ಅವರ ತಮ್ಮ ಲೂಯಿ ವಾಲ್ಕೊದ ಮೂವರು ಪಾಲುದಾರರಲ್ಲಿ ಒಬ್ಬರು. 1960ರ ದಶಕದಲ್ಲಿ ವಾಲ್ಕೊ ಫೈಬರ್‌ಗ್ಲಾಸ್‌ನಲ್ಲಿ ಎರಕ ಹೊಯ್ದು ಮಾಡಿದ ಕೆಂಪು ಏರ್‌ಲೈನ್ ಗಿಟಾರನ್ನು ಈಚಿನವರು ರಾಕ್ ಗಿಟಾರ್ ವಾದಕ ಜ್ಯಾಕ್ ವೈಟ್ ಅವರ ಕೈಯಲ್ಲಿ ಕಂಡಿರುತ್ತಾರೆ.

ನಿಮ್ಮ ಸ್ನೇಹಿತರ ಜಪಾನ್ ಮಾತಿನಲ್ಲೂ ಹುರುಳಿದೆ, ಆದರೆ ನಿಮ್ಮ ಗಿಟಾರ್‌ಗಳಿಗೆ ಅದು ಸಲ್ಲದು. 1964ರ ಫೆಬ್ರುವರಿಯಲ್ಲಿ ಬೀಟಲ್ಸ್ ತಂಡ ಅಮೆರಿಕದ ದೂರದರ್ಶನದಲ್ಲಿ ಕಾಣಿಸಿಕೊಂಡ ಮೇಲೆ ಗಿಟಾರಿಗೆ ಎಂದೂ ಇಲ್ಲದ ಬೇಡಿಕೆ ಬಂತು. ಹಾರ್ಮನಿ ಒಂದೇ ವರ್ಷಕ್ಕೆ ಸುಮಾರು 3,50,000 ವಾದ್ಯ ಮಾಡುವ ಮಟ್ಟಕ್ಕೆ ಏರಿತು. ಕೇ ಕಂಪನಿ ದೊಡ್ಡ ಹೊಸ ಕಾರ್ಖಾನೆಗೆ ಹೋಯಿತು. ದೊಡ್ಡ ಬಂಡವಾಳದವರೂ ನುಗ್ಗಿದರು: 1965ರಲ್ಲಿ ಪ್ರಸಾರ ಸಂಸ್ಥೆ ಸಿಬಿಎಸ್ ಗಿಟಾರ್ ಕಂಪನಿ ಫೆಂಡರನ್ನು ಕೊಂಡಿತು, 1966ರಲ್ಲಿ ಮನರಂಜನಾ ಸಂಸ್ಥೆ ಎಂಸಿಎ ಡ್ಯಾನೆಲೆಕ್ಟ್ರೋವನ್ನು ಕೊಂಡಿತು. ಆದರೆ ಆ ಬೇಡಿಕೆ ಕೆಲವೇ ವರ್ಷಗಳಲ್ಲಿ ಇಳಿಯಿತು, ಅದೇ ಹೊತ್ತಿಗೆ ಜಪಾನಿನ ಅಗ್ಗದ ಗಿಟಾರ್‌ಗಳು ಹಡಗುಗಟ್ಟಲೆ ಬಂದಿಳಿದವು. ಕೇಯನ್ನು ಕೊಂಡ ವಾಲ್ಕೊ, ಕೇಯ ಜೊತೆಗೇ 1968ರಲ್ಲಿ ಮುಳುಗಿತು. ಡ್ಯಾನೆಲೆಕ್ಟ್ರೋ 1969ರಲ್ಲಿ ಬಾಗಿಲು ಹಾಕಿತು. ಹಾರ್ಮನಿ 1970ರ ದಶಕದ ನಡುವಿನವರೆಗೆ ಉಸಿರು ಹಿಡಿದಿತ್ತು. ಸಾವಿರಾರು ಕುಶಲಕರ್ಮಿಗಳ ಕೈಗೆಲಸ ಏಳೆಂಟು ವರ್ಷಗಳಲ್ಲಿ ಕರಗಿಹೋಯಿತು. ಹೆಸರುಗಳು ಮಾತ್ರ ಹರಾಜಾಗಿ ಏಷ್ಯಾದಿಂದ ಬರುವ ಗಿಟಾರ್‌ಗಳಿಗೆ ಅಂಟಿಕೊಂಡವು. 1970ರ ದಶಕದ ‘ಕೇ’ ಗಿಟಾರನ್ನು ಚಿಕಾಗೊದ್ದೆಂದು ನಂಬಿ ಹೆಚ್ಚು ಹಣ ಕೊಡುವವರು ಈಗಲೂ ಇದ್ದಾರೆ. ನೀವು ಅವರಲ್ಲಿ ಒಬ್ಬರಾಗಬೇಡಿ.

ಸಿಯರ್ಸ್ ಕೂಡ 1960ರ ದಶಕದ ಕೊನೆಯ ವರ್ಷಗಳಲ್ಲಿ ಜಪಾನಿನ ಟೀಸ್ಕೊ ಗಿಟಾರ್‌ಗಳಿಗೆ ಸಿಲ್ವರ್‌ಟೋನ್ ಹೆಸರು ಹಾಕಿ ಮಾರಿತು. ಟೀಸ್ಕೊವನ್ನು 1946ರಲ್ಲಿ ಟೋಕಿಯೊದಲ್ಲಿ ಶುರುಮಾಡಿದವರು ಹವಾಯಿಯನ್ ಗಿಟಾರ್ ವಾದಕ ಅತ್ಸುವೊ ಕನೆಕೊ ಮತ್ತು ದೋರ್ಯು ಮಾತ್ಸುದಾ. 1967ರಲ್ಲಿ ಪಿಯಾನೊ ತಯಾರಕ ಕವಾಯಿ ಅದನ್ನು ಕೊಂಡಿತು. ಅಂಥ ಗಿಟಾರ್‌ಗಳ ನೆಕ್ (ಕತ್ತಿನ ಭಾಗ) ಹಿಂಬದಿಯ ಲೋಹದ ತಗಡಿನ ಮೇಲೆ ‘ಜಪಾನ್’ ಎಂದು ಕೊರೆದಿರುವುದುಂಟು, ಎದೆಯ ಮೇಲೆ ಸಾಲು ಸಾಲು ಸ್ವಿಚ್‌ಗಳು, ಹೊಳೆಯುವ ತಗಡಿನ ಪಿಕ್‌ಗಾರ್ಡ್. ನಿಮ್ಮ ಕಪ್ಪು ಗಿಟಾರಿನಲ್ಲಿ ಇವು ಯಾವುವೂ ಇಲ್ಲ. ಜಪಾನಿನ ಕಥೆ ಬೇರೆಯೇ ಹೇಳಬೇಕಾದಷ್ಟು ದೊಡ್ಡದು. ನಾಗಾನೊ ಪ್ರಾಂತ್ಯದ ಮಾತ್ಸುಮೊತೊ ಎಂಬ ಒಂದೇ ಊರಿನ ಎರಡು ಕಾರ್ಖಾನೆಗಳು, 1960ರಲ್ಲಿ ಹುಟ್ಟಿದ ಫುಜಿಗೆನ್ ಮತ್ತು ಮೊದಲು ಹೊಲಿಗೆ ಯಂತ್ರಕ್ಕೆ ಮರದ ಪೆಟ್ಟಿಗೆ ಮಾಡುತ್ತಿದ್ದ ಮಾತ್ಸುಮೊಕು, ಇಬಾನೆಜ್, ಗ್ರೆಕೊ, ಏರಿಯಾ, ಎಪಿಫೋನ್ ಮುಂತಾದ ಹೆಸರುಗಳ ಹಿಂದೆ ಇದ್ದವು.

ಕಪ್ಪು ಗಿಟಾರಿನ ವಯಸ್ಸನ್ನು ನೀವೇ ಕಂಡುಕೊಳ್ಳಬಹುದು. ತಂತಿ ಸಡಿಲಿಸಿ, ವಾಲ್ಯೂಮ್ ಗುಂಡಿಯ ಕೆಳಗಿರುವ ಪಾಟ್ ಎಂಬ ಬಿಡಿಭಾಗ ಕಾಣುವಂತೆ ಮಾಡಿಕೊಳ್ಳಿ. ಅದರ ಲೋಹದ ಮೈ ಮೇಲೆ ಆರೇಳು ಅಂಕಿ ಒತ್ತಿರುತ್ತದೆ. ಮೊದಲ ಮೂರು ಪಾಟ್ ತಯಾರಿಸಿದವರ ಸಂಕೇತ: 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್, 134 ಎಂದರೆ ಸೆಂಟ್ರಲ್ಯಾಬ್. ಕೊನೆಯ ಎರಡು ಅಂಕಿ ವಾರ, ಅದಕ್ಕೆ ಮುಂಚಿನ ಒಂದೋ ಎರಡೋ ಅಂಕಿ ವರ್ಷ. 1376324 ಎಂದಿದ್ದರೆ 1963ರ 24ನೆಯ ವಾರ. ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಹೊಸದಾಗಿರಬಹುದು. ಬೆಸುಗೆ ಮೂಲದ್ದೇ ಎಂದು ಖಚಿತವಾದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಆ ಪೆಟ್ಟಿಗೆಯ ಆಂಪ್ಲಿಫೈಯರನ್ನು ಮಾತ್ರ ದಯವಿಟ್ಟು ಹಾಗೇ ವಿದ್ಯುತ್ತಿಗೆ ಜೋಡಿಸಬೇಡಿ. ಅಂದಿನ ಅಗ್ಗದ ಆಂಪ್ಲಿಫೈಯರ್‌ಗಳಲ್ಲಿ ಗೋಡೆಯ ವಿದ್ಯುತ್ತನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದವು ಎಷ್ಟೋ ಇವೆ. ಅಂಥದ್ದರಲ್ಲಿ ಗಿಟಾರಿನ ತಂತಿ ಮುಟ್ಟಿದವರಿಗೆ ಶಾಕ್ ಹೊಡೆಯುವ ಅಪಾಯವಿದೆ. ಅರವತ್ತು ವರ್ಷದ ಕೆಪಾಸಿಟರ್‌ಗಳೂ ಒಣಗಿರುತ್ತವೆ. ವಾಲ್ವ್ ಉಪಕರಣ ಬಲ್ಲವರ ಕೈಯಲ್ಲಿ ಪರೀಕ್ಷೆ ಮಾಡಿಸಿ, ಮೂರು ಪಿನ್ನಿನ ತಂತಿ ಹಾಕಿಸಿ. ಮೈಸೂರಿನ 230 ವೋಲ್ಟ್‌ಗೆ ಅದನ್ನು ನೇರವಾಗಿ ಚುಚ್ಚಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಹಾರ್ಮನಿಯ ನೆಕ್ ನೋಡಿಕೊಳ್ಳಿ. ಉದ್ದನೆಯ ನೇರ ಪಟ್ಟಿಯೊಂದನ್ನು ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ಮೇಲೆ ಇಟ್ಟು ಬ್ರಿಡ್ಜ್ ಕಡೆಗೆ ಸರಿಸಿ. ಪಟ್ಟಿಯ ತುದಿ ಬ್ರಿಡ್ಜ್‌ನ ಮೇಲ್ಭಾಗಕ್ಕೆ ತಾಗಿದರೆ ನೆಕ್ ಚೆನ್ನಾಗಿದೆ. ಅದು ಬ್ರಿಡ್ಜ್‌ನ ಮುಂದಿನ ಮೈಗೆ ಢಿಕ್ಕಿ ಹೊಡೆದು ನಿಂತರೆ ತಂತಿಯ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗಿದೆ ಎಂದು ಅರ್ಥ, ಅದನ್ನು ಬಿಚ್ಚಿ ಕೋನ ಸರಿಪಡಿಸಬೇಕಾಗುತ್ತದೆ. ಆ ಕೆಲಸ ಅಮೆರಿಕದಲ್ಲೇ ಮುಗಿಸಿಕೊಂಡು ಬರುವುದು ಲೇಸು, ಅಲ್ಲಿ ಈ ಗಿಟಾರ್‌ಗಳನ್ನು ಬಲ್ಲವರು ಹೆಚ್ಚು. ಏನೇ ಮಾಡಿದರೂ ಭಾರದ ತಂತಿ ಹಾಕಬೇಡಿ. ಬಣ್ಣ ಕೆರೆದು ಹೊಸದು ಹೊಡೆಸಬೇಡಿ, ಬಿರಡೆ ಬದಲಿಸಿದರೆ ಹಳೆಯವನ್ನು ಎಸೆಯಬೇಡಿ.

ತರುವ ಮುನ್ನ ನೆಕ್ ಮೇಲೆ ಬೆರಳು ಒತ್ತುವ ಹಲಗೆ, ಅಂದರೆ ಫಿಂಗರ್‌ಬೋರ್ಡ್, ಯಾವ ಮರದ್ದು ಎಂದು ತಿಳಿದವರಿಗೆ ತೋರಿಸಿ. ಆ ಕಾಲದ ಅಗ್ಗದ ಗಿಟಾರ್‌ಗಳಲ್ಲೂ ಬ್ರೆಜಿಲಿಯನ್ ರೋಸ್‌ವುಡ್ ಇರುತ್ತಿತ್ತು. ನಮ್ಮ ಬೀಟೆಯ ಬಂಧುವಾದ ಆ ಮರ 1992ರಿಂದ ವನ್ಯಜೀವಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಗಿಟಾರಿನಲ್ಲಿ ಅದಿದ್ದರೆ ಗಡಿ ದಾಟಿಸಲು ಅನುಮತಿ ಪತ್ರ ಬೇಕಾಗಬಹುದು. ಪ್ರಯಾಣಕ್ಕೆ ಕೆಲವು ತಿಂಗಳು ಮೊದಲೇ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯಲ್ಲಿ ವಿಚಾರಿಸಿ. ಕೊಟ್ಟ ಹಿರಿಯರನ್ನು ಈಗಲೂ ಸಂಪರ್ಕಿಸಲು ಆಗುವುದಾದರೆ, ಇವನ್ನು ಯಾವ ವರ್ಷ, ಎಲ್ಲಿ ಕೊಂಡದ್ದು ಎಂದು ಅವರಿಂದ ಎರಡು ಸಾಲು ಬರೆಸಿಕೊಳ್ಳಿ. ಮರವನ್ನು ಯಾವಾಗ ಬಳಸಿದ್ದೆಂದು ಅಧಿಕಾರಿಗಳಿಗೆ ತೋರಿಸುವಾಗ ಗಿಟಾರಿನೊಳಗಿನ ಮುದ್ರೆಯ ಫೋಟೊದ ಜೊತೆಗೆ ಆ ಚೀಟಿಯೂ ನೆರವಿಗೆ ಬರುತ್ತದೆ.